ಪೆಟ್ಟಿಗೆ ಪಕ್ಕಕ್ಕಿಡಿ, ನಾಣ್ಯ ಕೊಡಿ: ಸ್ಮರಣಾರ್ಥ ಚಿನ್ನದ ನಾಣ್ಯಗಳ ಕಥೆ

ಇವತ್ತಿನ ವಿಷಯ ಚಿನ್ನದ ನಾಣ್ಯ. ಅದರಲ್ಲೂ ಯಾವುದೋ ಘಟನೆಯ, ಯಾವುದೋ ವ್ಯಕ್ತಿಯ ನೆನಪಿಗೆ ಅಂತ ಹೊರಡಿಸುವ ಸ್ಮರಣಾರ್ಥ ನಾಣ್ಯಗಳು. ಇವುಗಳಲ್ಲಿ ಯಾವುದನ್ನು ಸಂಗ್ರಹಿಸಬೇಕು, ಯಾವುದನ್ನು ಬಿಡಬೇಕು?

ಮೊದಲು ನಮ್ಮ ಮನೆ ಕಥೆ ಹೇಳಿಬಿಡ್ತೀನಿ. ಅಪ್ಪ 2012ರಲ್ಲಿ ರಿಟೈರ್ ಆದರು. ಕೈಗೆ ಸ್ವಲ್ಪ ದುಡ್ಡು ಬಂತು. ಒಬ್ಬ ಏಜೆಂಟ್ ಮನೆಗೇ ಬಂದು 'ಲಿಮಿಟೆಡ್ ಎಡಿಷನ್' ಸ್ಮರಣಾರ್ಥ ಚಿನ್ನದ ನಾಣ್ಯ ಅಂತ ಒಂದು ತೋರಿಸಿದ. ಹತ್ತು ಗ್ರಾಂ, ಮರದ ಪೆಟ್ಟಿಗೆ, ಒಳಗೆ ನೀಲಿ ಮಖಮಲ್ಲು, ನಂಬರ್ ಹಾಕಿದ ಸರ್ಟಿಫಿಕೇಟ್. 42 ಸಾವಿರ ರೂಪಾಯಿ. ಆಗ ಹತ್ತು ಗ್ರಾಂ ಚಿನ್ನದ ಬೆಲೆ ಸುಮಾರು 31 ಸಾವಿರ. ಮೂರು ವರ್ಷ ಆದಮೇಲೆ ಅಕ್ಕನ ನಿಶ್ಚಿತಾರ್ಥಕ್ಕೆ ದುಡ್ಡು ಬೇಕಾಯ್ತು. ನಾನಾಗ ಬಿ.ಕಾಂ. ಮೊದಲ ವರ್ಷ. ಅಪ್ಪನ ಜೊತೆ ಚಿನ್ನದಂಗಡಿಗೆ ನಾನೂ ಹೋಗಿದ್ದೆ. ಅಪ್ಪ ಸರ್ಟಿಫಿಕೇಟ್ ಬಿಚ್ಚಿ ಓದೋಕೆ ಶುರು ಮಾಡಿದರು. ಅಂಗಡಿಯವರು, 'ಸರ್, ಪೆಟ್ಟಿಗೆ ಪಕ್ಕಕ್ಕಿಡಿ, ನಾಣ್ಯ ಕೊಡಿ' ಅಂದ್ರು. ತಕ್ಕಡಿ ಮೇಲಿಟ್ಟರು. 25 ಸಾವಿರ ಚಿಲ್ಲರೆ ಅಂದ್ರು. ಅಪ್ಪ ಏನೂ ಮಾತಾಡದೆ ನಾಣ್ಯವನ್ನು ಮತ್ತೆ ಮಖಮಲ್ಲಿನ ಗುಂಡಿಯಲ್ಲಿಟ್ಟು, ಪೆಟ್ಟಿಗೆ ಮುಚ್ಚಿ, ಎದ್ದರು.

ಅವತ್ತು ತಲೆಗೆ ಹೊಕ್ಕ ಪ್ರಶ್ನೆ ಇದು. ಈ ವ್ಯಾಪಾರ ಹೊಸದಲ್ಲ. ನೂರು ವರ್ಷಕ್ಕಿಂತ ಹಿಂದೆ ಅಮೆರಿಕದಲ್ಲಿ ಇದೇ ಕಥೆ ಎರಡು ಸಲ ನಡೆದಿದೆ. ಒಂದು ಸಲ ಕೊಂಡವರ ಮೊಮ್ಮಕ್ಕಳು ಶ್ರೀಮಂತರಾದರು. ಇನ್ನೊಂದು ಸಲ, ನಮ್ಮಪ್ಪನ ಥರ.

ಎರಡನೆಯದನ್ನೇ ಮೊದಲು ನೋಡೋಣ. 1904ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ದೊಡ್ಡ ಜಾಗತಿಕ ಪ್ರದರ್ಶನ ನಡೀತು. 1803ರಲ್ಲಿ ಫ್ರಾನ್ಸಿನಿಂದ ಲೂಸಿಯಾನ ಪ್ರಾಂತ್ಯ ಕೊಂಡು ನೂರು ವರ್ಷ ಆಯ್ತು ಅನ್ನೋದು ಸಂದರ್ಭ. ಅದರ ನೆನಪಿಗೆ 1903ರ ಇಸವಿ ಹಾಕಿ ಒಂದು ಡಾಲರಿನ ಪುಟ್ಟ ಚಿನ್ನದ ನಾಣ್ಯ ಬಂತು. ತೂಕ 1.67 ಗ್ರಾಂ, ಉಗುರಿನಷ್ಟು. ಎರಡು ಬಗೆ: ಒಂದರಲ್ಲಿ ಜೆಫರ್‌ಸನ್, ಇನ್ನೊಂದರಲ್ಲಿ 1901ರಲ್ಲಿ ಕೊಲೆಯಾದ ಅಧ್ಯಕ್ಷ ಮೆಕಿನ್ಲಿ. ಎರಡೂ ಸೇರಿ ಎರಡೂವರೆ ಲಕ್ಷ ನಾಣ್ಯ. ಮಾರಾಟದ ಹೊಣೆ ಫ್ಯಾರನ್ ಜರ್ಬಿ ಅನ್ನೋ ನಾಣ್ಯ ವ್ಯಾಪಾರಿಯದು. ಒಂದು ಡಾಲರ್ ನಾಣ್ಯಕ್ಕೆ ಅವನಿಟ್ಟ ಬೆಲೆ ಮೂರು ಡಾಲರ್.

ಜನ ಕೊಳ್ಳಲಿಲ್ಲ. ಜರ್ಬಿ ಸುಮ್ಮನಿರೋ ಆಸಾಮಿ ಅಲ್ಲ. ನಾಣ್ಯವನ್ನು ಬ್ರೋಚಿಗೆ, ಟೈ ಪಿನ್ನಿಗೆ, ಚಮಚಕ್ಕೆ ಕೂರಿಸಿ ಮಾರಿದ. (ನಮ್ಮಜ್ಜಿಯರ ಕಾಸಿನ ಸರ ನೆನಪಾಗುತ್ತೆ ಅಲ್ವಾ? ಅಲ್ಲೂ ನಾಣ್ಯಕ್ಕೆ ಬೆಸುಗೆ ಬಿದ್ದ ಕ್ಷಣವೇ ಅದು ಸಂಗ್ರಹದ ಲೋಕದಿಂದ ಹೊರಗೆ, ಒಡವೆ ಲೋಕದ ಒಳಗೆ.) ಏನು ಮಾಡಿದ್ರೂ ಮಾರಾಟವಾದದ್ದು ಸುಮಾರು 35 ಸಾವಿರ. ಉಳಿದದ್ದನ್ನು 1914ರಲ್ಲಿ ಕರಗಿಸಿಬಿಟ್ಟರು. ಪ್ರದರ್ಶನ ಮುಗಿದ ಮೇಲೆ ಮಾರುಕಟ್ಟೆಯಲ್ಲಿ ಬೆಲೆ ಮೂರು ಡಾಲರಿಗಿಂತ ಕೆಳಗೆ ಬಿತ್ತು.

ಇಲ್ಲಿ ಒಂದು ಚಿಕ್ಕ ಲೆಕ್ಕ. ಬಿ.ಕಾಂ. ಓದಿದ್ದು ಇದಕ್ಕಾದ್ರೂ ಉಪಯೋಗಕ್ಕೆ ಬರಲಿ. ಆಗ ಒಂದು ಔನ್ಸ್ ಚಿನ್ನಕ್ಕೆ 20.67 ಡಾಲರ್, ಸರ್ಕಾರ ನಿಗದಿ ಮಾಡಿದ ಬೆಲೆ. ಅಂದ್ರೆ ಮೂರು ಡಾಲರಿಗೆ ಸುಮಾರು ನಾಲ್ಕೂವರೆ ಗ್ರಾಂ ಶುದ್ಧ ಚಿನ್ನ ಬರ್ತಿತ್ತು. ನಾಣ್ಯದಲ್ಲಿ ಇದ್ದದ್ದು ಒಂದೂವರೆ ಗ್ರಾಂ. ಇವತ್ತು ಸಾಧಾರಣ ಸ್ಥಿತಿಯಲ್ಲಿರೋ ಆ ನಾಣ್ಯ ಕೆಲವು ನೂರು ಡಾಲರಿಗೆ ಸಿಗುತ್ತೆ. ನಾಲ್ಕೂವರೆ ಗ್ರಾಂ ಚಿನ್ನದ ಬೆಲೆಯೂ ಇವತ್ತು ಕೆಲವು ನೂರು ಡಾಲರೇ! ನೂರಿಪ್ಪತ್ತು ವರ್ಷ ಜೋಪಾನ ಮಾಡಿ, ಕಳ್ಳರಿಂದ ಕಾಪಾಡಿ, ಕೊನೆಗೆ ಸಿಕ್ಕಿದ್ದು ಹೆಚ್ಚುಕಮ್ಮಿ ಗಟ್ಟಿ ಚಿನ್ನ ಇಟ್ಟುಕೊಂಡಿದ್ದರೆ ಸಿಗ್ತಿದ್ದಷ್ಟೇ.

ಈಗ ಮೊದಲನೆಯ ಕಥೆ. ಇದು ನನಗೆ ತುಂಬಾ ಇಷ್ಟ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ನೆಲಸಮ ಆಗಿತ್ತು. ಒಂಬತ್ತು ವರ್ಷದಲ್ಲಿ ಎದ್ದು ನಿಂತು, 1915ರಲ್ಲಿ ಪನಾಮ-ಪೆಸಿಫಿಕ್ ಪ್ರದರ್ಶನ ನಡೆಸಿತು. ಹೆಸರಿಗೆ ಹಿಂದಿನ ವರ್ಷ ತೆರೆದ ಪನಾಮ ಕಾಲುವೆಯ ಸಂಭ್ರಮ. ಮನಸ್ಸಿನಲ್ಲಿ, 'ನಾವು ಸತ್ತಿಲ್ಲ, ನೋಡಿ' ಅನ್ನೋ ಹಠ. ಅದಕ್ಕೆ ಹೊರಟ ನಾಣ್ಯಗಳಲ್ಲಿ ಎರಡು 50 ಡಾಲರಿನವು. ಒಂದು ದುಂಡಗೆ, ಇನ್ನೊಂದು ಎಂಟು ಮೂಲೆಯದು. ಒಂದೊಂದೂ 83.59 ಗ್ರಾಂ! ಕೈಯಲ್ಲಿ ಹಿಡಿದರೆ ಬೆಲ್ಲದ ಅಚ್ಚಿನ ಥರ ಭಾರ ಇರಬೇಕು. ಇಷ್ಟು ದಪ್ಪ ಲೋಹ ಒತ್ತೋ ಯಂತ್ರ ಅಲ್ಲಿನ ಟಂಕಸಾಲೆಯಲ್ಲಿ ಇರಲಿಲ್ಲ, ಫಿಲಡೆಲ್ಫಿಯಾದಿಂದ ತರಿಸಿದರು. ಶಿಲ್ಪಿ ರಾಬರ್ಟ್ ಐಟ್ಕನ್ ಒಂದು ಬದಿಗೆ ಶಿರಸ್ತ್ರಾಣ ಧರಿಸಿದ ಮಿನರ್ವಾ ದೇವತೆ, ಇನ್ನೊಂದು ಬದಿಗೆ ಗೂಬೆ ಕೆತ್ತಿದ. ಎಂಟು ಮೂಲೆಯ ನಾಣ್ಯದ ಮೂಲೆಗಳಲ್ಲಿ ಡಾಲ್ಫಿನ್‌ಗಳು.

ಎಂಟು ಮೂಲೆ ಯಾಕೆ? 1851ರಲ್ಲಿ, ಕ್ಯಾಲಿಫೋರ್ನಿಯಾದ ಚಿನ್ನದ ಹುಚ್ಚಿನ ಕಾಲದಲ್ಲಿ, ಆಗಸ್ಟಸ್ ಹಂಬರ್ಟ್ ಅನ್ನೋ ಸರ್ಕಾರಿ ಅಧಿಕಾರಿಯ ಮುದ್ರೆಯಲ್ಲಿ ಅಲ್ಲಿ 50 ಡಾಲರಿನ ಎಂಟು ಮೂಲೆಯ ಚಿನ್ನದ ತುಂಡುಗಳು ಓಡಾಡ್ತಿದ್ದವು. ಅಂದ್ರೆ ಆ ಊರಿನವರಿಗೆ ಅದು ಯಾರೋ ಡಿಸೈನರ್ ಹೊಳಹು ಅಲ್ಲ, ಅಜ್ಜನ ಜೇಬಿನ ನೆನಪು.

ಇದನ್ನೂ ಮಾರೋಕೆ ಬಂದವನು ಯಾರು ಹೇಳಿ? ಅದೇ ಜರ್ಬಿ! ಬೆಲೆ ನೂರು ಡಾಲರ್, ಒಳಗಿನ ಚಿನ್ನದ ಎರಡರಷ್ಟು. ಆ ಕಾಲದಲ್ಲಿ ನೂರು ಡಾಲರ್ ಅಂದ್ರೆ ಕೂಲಿಯವರ ಹಲವು ವಾರದ ದುಡಿಮೆ. ಒಂದೊಂದು ಬಗೆ 1,500 ಮಾಡಿದ್ದರು. ಮಾರಾಟವಾದದ್ದು ದುಂಡಗಿನದು 483, ಎಂಟು ಮೂಲೆಯದು 645. ಉಳಿದದ್ದು ಮತ್ತೆ ಕುಲುಮೆಗೆ. ಇವತ್ತು ಇವುಗಳ ಬೆಲೆ ಹತ್ತಾರು ಸಾವಿರ ಡಾಲರ್. ಮೇಲಿನ ಲೆಕ್ಕವನ್ನೇ ಇಲ್ಲೂ ಮಾಡಿ: ನೂರು ಡಾಲರಿಗೆ ಆಗ ಐದು ಔನ್ಸಿಗೆ ಸ್ವಲ್ಪ ಕಮ್ಮಿ ಚಿನ್ನ. ನಾಣ್ಯ ಆ ಚಿನ್ನವನ್ನು ತುಂಬಾ ಹಿಂದೆ ಹಾಕಿದೆ.

ಹಾಗಾದ್ರೆ ಕಮ್ಮಿ ಸಂಖ್ಯೆಯೇ ಗುಟ್ಟಾ? ಅಷ್ಟು ಸುಲಭ ಅಲ್ಲ. ದುಂಡಗಿನದು ಎಂಟು ಮೂಲೆಯದಕ್ಕಿಂತ ಅಪರೂಪ. ಆದರೂ ಕೈಯಲ್ಲಿ ಹಿಡಿದು ನೋಡೋ ಆಸೆ ಜನಕ್ಕೆ ಇವತ್ತಿಗೂ ಎಂಟು ಮೂಲೆಯದರ ಮೇಲೆ. ಆಗಲೂ ಹೆಚ್ಚು ಮಾರಾಟವಾದದ್ದು ಅದೇ. ಇನ್ನೊಂದು ಸೂಕ್ಷ್ಮ ಇದೆ. 'ನಾವು ಇಷ್ಟೇ ಮಾಡ್ತೀವಿ' ಅಂತ ಕಂಪನಿ ಹೇಳೋ ಸಂಖ್ಯೆ ಬೇರೆ, ಜನ ಬೇಡ ಅಂದು ಕರಗಿದ ಮೇಲೆ ಉಳಿಯೋ ಸಂಖ್ಯೆ ಬೇರೆ. ಮೊದಲನೆಯದು ಜಾಹೀರಾತು. ಎರಡನೆಯದು ಇತಿಹಾಸ. 1922ರಲ್ಲಿ ಗ್ರಾಂಟ್ ಸ್ಮರಣೆಯ ಚಿನ್ನದ ಡಾಲರಿನಲ್ಲಿ ಬೇಕಂತಲೇ ಅರ್ಧಕ್ಕೆ ಒಂದು ಪುಟ್ಟ ನಕ್ಷತ್ರ ಹಾಕಿ, ಎರಡು ಬಗೆ ಮಾಡಿ, ಒಬ್ಬನೇ ಸಂಗ್ರಾಹಕ ಎರಡೆರಡು ಕೊಳ್ಳೋ ಹಾಗೆ ಮಾಡಿದರು. ಇಂಥ ಚಮತ್ಕಾರ ಕಂಡರೆ ನನಗೆ ಏಜೆಂಟ್ ಮುಖ ನೆನಪಾಗುತ್ತೆ.

1933ಕ್ಕೆ ಬರೋಣ. ಏಪ್ರಿಲ್ 5ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶ ಹೊರಡಿಸಿದರು, ನಂಬರ್ 6102. ಜನ ತಮ್ಮ ಚಿನ್ನದ ನಾಣ್ಯ, ಗಟ್ಟಿ ಎಲ್ಲ ಸರ್ಕಾರಕ್ಕೆ ಒಪ್ಪಿಸಬೇಕು, ಔನ್ಸಿಗೆ 20.67 ಡಾಲರಿನಂತೆ ನೋಟು ತಗೋಬೇಕು. ಆದ್ರೆ ಒಂದು ವಿನಾಯಿತಿ: ಅಪರೂಪದ ನಾಣ್ಯ ಅಂತ ಸಂಗ್ರಾಹಕರಲ್ಲಿ ವಿಶೇಷ ಮೌಲ್ಯ ಇರೋದನ್ನು ಇಟ್ಟುಕೊಳ್ಳಬಹುದು. ಯೋಚಿಸಿ, 'ಇದು ಸಂಗ್ರಹಯೋಗ್ಯವೋ ಅಲ್ಲವೋ' ಅನ್ನೋ ನಮ್ಮ ಪ್ರಶ್ನೆ ಅವತ್ತು ಹವ್ಯಾಸದ್ದಾಗಿರಲಿಲ್ಲ, ಕಾನೂನಿನದಾಗಿತ್ತು. ಮರುವರ್ಷ ಸರ್ಕಾರ ಚಿನ್ನದ ಬೆಲೆಯನ್ನು 35 ಡಾಲರಿಗೆ ಏರಿಸಿತು. ಒಪ್ಪಿಸಿದವರ ಕೈಯಲ್ಲಿ ನೋಟು, ಇಟ್ಟುಕೊಂಡವರ ಕೈಯಲ್ಲಿ ಚಿನ್ನ.

ಈಗ ಜಪಾನ್. ಇದು ತಮಾಷೆಯ ಕಥೆ. 1986ರಲ್ಲಿ ಚಕ್ರವರ್ತಿ ಹಿರೊಹಿತೊ ಆಳ್ವಿಕೆಗೆ 60 ವರ್ಷ. ಸರ್ಕಾರ ಒಂದು ಲಕ್ಷ ಯೆನ್ ಮುಖಬೆಲೆಯ ಚಿನ್ನದ ನಾಣ್ಯ ತಂತು. 20 ಗ್ರಾಂ ಶುದ್ಧ ಚಿನ್ನ. ಸಂಖ್ಯೆ ಒಂದು ಕೋಟಿ! ಲೆಕ್ಕ ಹಾಕಿ, 200 ಟನ್ ಚಿನ್ನ. ಕೊಳ್ಳೋಕೆ ಲಾಟರಿ ಚೀಟಿ, ಅದಕ್ಕೆ ಕ್ಯೂ. ಆದ್ರೆ ಒಳಗಿನ ಚಿನ್ನದ ಬೆಲೆ ಆಗ ಸುಮಾರು 40 ಸಾವಿರ ಯೆನ್ ಅಷ್ಟೇ. ಉಳಿದ 60 ಸಾವಿರ ಸರ್ಕಾರದ ಲಾಭ. ಈ ಅಂತರವನ್ನು ಇನ್ಯಾರೋ ಗಮನಿಸಿದರು. 1990ರಲ್ಲಿ ಸುದ್ದಿ ಸ್ಫೋಟ ಆಯ್ತು: ಒಂದು ಲಕ್ಷಕ್ಕೂ ಹೆಚ್ಚು ಖೋಟಾ ನಾಣ್ಯಗಳು ಹೊರದೇಶದಿಂದ ಒಳಗೆ ಬಂದಿದ್ದವು. ಖೋಟಾ ಅಂದ್ರೆ ತಾಮ್ರಕ್ಕೆ ಚಿನ್ನದ ನೀರಲ್ಲ ಕಣ್ರೀ, ಅಪ್ಪಟ ಚಿನ್ನದವೇ! ನಿಜವಾದ ಚಿನ್ನ ಹಾಕಿ ಖೋಟಾ ಮಾಡಿದರೂ ಅರ್ಧಕ್ಕಿಂತ ಹೆಚ್ಚು ಲಾಭ. ಮುಂದೆ ಹೊಸ ಚಕ್ರವರ್ತಿಯ ಪಟ್ಟಾಭಿಷೇಕಕ್ಕೆ ಅದೇ ಮುಖಬೆಲೆಯ ನಾಣ್ಯಕ್ಕೆ 30 ಗ್ರಾಂ ಚಿನ್ನ ಹಾಕಿದರು.

ಹಿರೊಹಿತೊ ನಾಣ್ಯ ಕೊಂಡವರಿಗೆ ಏನಾಯ್ತು? ದಶಕಗಳ ಕಾಲ ಏನೂ ಆಗಲಿಲ್ಲ. ಒಂದು ಕೋಟಿ ಇದ್ದರೆ ಯಾರಿಗೆ ಬೇಕು? ಆದ್ರೆ ಅದು ಸರ್ಕಾರಿ ನಾಣ್ಯ. ಬ್ಯಾಂಕಿಗೆ ಹೋದ್ರೆ ಒಂದು ಲಕ್ಷ ಯೆನ್ ಗ್ಯಾರಂಟಿ. ಕೆಳಗೆ ಬೀಳದಂತೆ ಒಂದು ನೆಲ ಇತ್ತು. 2020ರ ಹೊತ್ತಿಗೆ ಚಿನ್ನವೇ ಏರಿ, ಒಳಗಿನ ಲೋಹ ಮುಖಬೆಲೆಯನ್ನು ದಾಟಿತು. ಲಾಭ ಬಂತು, ಆದ್ರೆ ಅದು ಲೋಹ ಕೊಟ್ಟ ಲಾಭ, ಸ್ಮರಣೆ ಕೊಟ್ಟದ್ದಲ್ಲ.

ಅಪ್ಪನ ನಾಣ್ಯಕ್ಕೆ ಆ ನೆಲವೂ ಇರಲಿಲ್ಲ. ನಮ್ಮಲ್ಲಿ 2011ರ ನಾಣ್ಯ ಕಾಯ್ದೆ ಪ್ರಕಾರ ನಾಣ್ಯ ಟಂಕಿಸೋ ಅಧಿಕಾರ ಕೇಂದ್ರ ಸರ್ಕಾರಕ್ಕೆ ಮಾತ್ರ. ಖಾಸಗಿಯವರು ಮಾರೋದು ಹೆಸರಿಗೆ 'ಕಾಯಿನ್', ನಿಜದಲ್ಲಿ ಪದಕ. ಅಷ್ಟೇ ಯಾಕೆ, 2015ರಲ್ಲಿ ಬಿಡುಗಡೆಯಾದ ಅಶೋಕ ಚಕ್ರದ 'ಇಂಡಿಯನ್ ಗೋಲ್ಡ್ ಕಾಯಿನ್' ಮೇಲೂ ರೂಪಾಯಿ ಮುಖಬೆಲೆ ಇಲ್ಲ. ಅದು ಶುದ್ಧತೆಯ ಭರವಸೆ ಇರೋ ಚಿನ್ನ, ಚಿನ್ನ ಅಂತಲೇ ಕೊಳ್ಳಿ, ತಪ್ಪಿಲ್ಲ.

ನಮ್ಮ ನೆಲದಲ್ಲಿ ನಿಜವಾದ ಸ್ಮರಣಾರ್ಥ ಚಿನ್ನದ ನಾಣ್ಯ ಇಲ್ಲವೇ ಅಂತ ಕೇಳಿದ್ರೆ ಹಂಪಿಗೆ ಹೋಗಬೇಕು. ಕೃಷ್ಣದೇವರಾಯ 1514ರಲ್ಲಿ ಉದಯಗಿರಿ ಕೋಟೆ ಗೆದ್ದು, ಅಲ್ಲಿಂದ ಬಾಲಕೃಷ್ಣನ ವಿಗ್ರಹ ತಂದು, ಹಂಪಿಯಲ್ಲಿ ಕೃಷ್ಣ ದೇವಾಲಯ ಕಟ್ಟಿಸಿದ. ಅವನ ಚಿನ್ನದ ವರಾಹದ ಮೇಲೆ ಕೂತಿರೋ ಬಾಲಕೃಷ್ಣ ಆ ಗೆಲುವಿನ ನೆನಪು ಅಂತ ನಾಣ್ಯಶಾಸ್ತ್ರಜ್ಞರು ಹೇಳ್ತಾರೆ. ಸುಮಾರು 3.4 ಗ್ರಾಂ. ಪೆಟ್ಟಿಗೆ ಇಲ್ಲ, ಸರ್ಟಿಫಿಕೇಟ್ ಇಲ್ಲ, ಎಷ್ಟು ಒತ್ತಿದರು ಅಂತ ಬರೆದಿಟ್ಟಿಲ್ಲ. ಆದರೂ ಐನೂರು ವರ್ಷದಿಂದ ಬೇಡಿಕೆ ನಿಂತಿಲ್ಲ. ನಕಲಿ ಬಹಳ ಇವೆ, ಗೊತ್ತಿರೋರ ಕಣ್ಣಿಗೆ ತೋರಿಸದೆ ಕೈ ಹಾಕಬೇಡಿ. ಮತ್ತೆ ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ದೇಶದಿಂದ ಹೊರಗೆ ಒಯ್ಯೋ ಹಾಗಿಲ್ಲ. ದುಬೈನಲ್ಲಿರೋ ಕಸಿನ್‌ಗೆ ಗಿಫ್ಟ್ ಅಂತ ಬ್ಯಾಗಿಗೆ ಹಾಕ್ಕೊಂಡೀರಿ, ಜೋಕೆ.

ನಾನೇನು ಕೊಂಡೆ ಅಂತ ಕೆಲವರು ಮೆಸೇಜ್ ಮಾಡಿದ್ದೀರಿ. ವರಾಹ ಕೊಳ್ಳೋ ಧೈರ್ಯ ಇನ್ನೂ ಬಂದಿಲ್ಲ. ಎರಡು ವರ್ಷ ಉಳಿಸಿ 1918ರ ಬಾಂಬೆ ಸವರನ್ ಒಂದನ್ನು ಕೊಂಡೆ. ಇದು ಸ್ಮರಣಾರ್ಥ ನಾಣ್ಯವೇ ಅಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬಾಂಬೆಯಲ್ಲಿ ಆ ಒಂದೇ ವರ್ಷದ ಇಸವಿ ಹಾಕಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಒತ್ತಿದರು. ಕುದುರೆಯ ಕೆಳಗಿನ ನೆಲದ ಗೆರೆಯಲ್ಲಿ ಪುಟ್ಟ 'ಐ' ಅಕ್ಷರ ಇರುತ್ತೆ, ಇಂಡಿಯಾದ್ದು ಅಂತ. ಚಿನ್ನದ ಬೆಲೆಗಿಂತ ಸ್ವಲ್ಪವೇ ಜಾಸ್ತಿ ಕೊಟ್ಟೆ. ನಾಣ್ಯದ ತೂಕ 7.98 ಗ್ರಾಂ. ನಮ್ಮ ಚಿನ್ನದಂಗಡಿಗಳಲ್ಲಿ ಎಂಟು ಗ್ರಾಂಗೆ 'ಒಂದು ಸವರನ್' ಅಂತಾರಲ್ಲ, ಆ ಮಾತು ಬಂದದ್ದು ಈ ನಾಣ್ಯದಿಂದಲೇ.

ಅಪ್ಪನ ನಾಣ್ಯ ಇನ್ನೂ ಬೀರುವಿನಲ್ಲಿದೆ. ಈಗ ಚಿನ್ನ ಏರಿರೋದ್ರಿಂದ, 'ನೋಡಿದ್ಯಾ, ಲಾಭದಲ್ಲೇ ಇದೆ' ಅಂತಾರೆ. ಅದೇ 42 ಸಾವಿರಕ್ಕೆ ಅವತ್ತು ಬರೀ ಚಿನ್ನ ಕೊಂಡಿದ್ದರೆ ಹದಿಮೂರೂವರೆ ಗ್ರಾಂ ಇರ್ತಿತ್ತು ಅನ್ನೋ ಲೆಕ್ಕ ನನ್ನ ಫೋನಿನ ನೋಟ್ಸ್‌ನಲ್ಲಿದೆ. ಅವರಿಗೆ ತೋರಿಸಿಲ್ಲ. ಹೋದ ತಿಂಗಳು ನನ್ನ ಸವರನ್ ತೋರಿಸಿದಾಗ ಭೂತಗನ್ನಡಿ ಹಿಡಿದು ಹತ್ತು ನಿಮಿಷ ಆ 'ಐ' ಹುಡುಕಿದರು. ಸಿಕ್ಕಿದ ಮೇಲೆ ಕೇಳಿದ್ದು ಒಂದೇ ಮಾತು: 'ಇದಕ್ಕೆ ಪೆಟ್ಟಿಗೆ ಕೊಡಲಿಲ್ವಾ?'