ಸೊಪ್ಪಿನಬೆಟ್ಟದಿಂದ ಗ್ರಾಮಸಭೆಗೆ: ಜಯಪುರ ಸೀಮೆಯ ಕಾಡಿನ ಹುಟ್ಟುವಳಿ

ಜಯಪುರ ಸೇರಿರುವ ಕೊಪ್ಪ, ಅದರ ಪಕ್ಕದ ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ತೋಟದ ಲೆಕ್ಕ ತೋಟದ ಬೇಲಿಯೊಳಗೆ ಮುಗಿಯುವಂಥದ್ದಲ್ಲ. ಮುಂಗಾರಿನ ಮಳೆ ತೊಳೆದೊಯ್ದ ಸಾರವನ್ನು ಮಣ್ಣಿಗೆ ಮರಳಿ ತುಂಬಲು ಪಕ್ಕದ ಗುಡ್ಡದಿಂದ ಹಸಿ ಸೊಪ್ಪನ್ನೂ ಬೇಸಿಗೆಯಲ್ಲಿ ಗುಡಿಸಿದ ತರಗನ್ನೂ ಹೊತ್ತು ತಂದು, ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಿ, ಸಗಣಿ ಗಂಜಲದೊಡನೆ ತುಳಿಸಿ, ಗುಂಡಿಯಲ್ಲಿ ಕೊಳೆಸಿ, ಕೊನೆಗೆ ಅಡಿಕೆಮರದ ಬುಡಕ್ಕೆ ಹಾಕುವುದು ತಲೆತಲಾಂತರದ ಪದ್ಧತಿ. ಹೀಗೆ ತೋಟಕ್ಕೆ ಅಂಟಿಕೊಂಡ ಗುಡ್ಡವೇ ಸೊಪ್ಪಿನಬೆಟ್ಟ: ನೆಲ ಸರ್ಕಾರದ್ದು, ಸೊಪ್ಪು ತರಗು ಸೌದೆಯ ಅನುಭೋಗ ತೋಟದ ಹಿಡುವಳಿದಾರನದು. ಉತ್ತರ ಕನ್ನಡದ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಇದೇ ಬಳಗದ ವ್ಯವಸ್ಥೆಗಳು.

ಮರವನ್ನು ಉರುಳಿಸದೆ ಅದರ ಎಲೆ, ಕಾಯಿ, ಬೀಜ, ಜೇನಿನಿಂದ ಬದುಕು ಕಟ್ಟಿಕೊಳ್ಳುವ ಕ್ರಮವನ್ನು ಈಗ ಕಾಡಿನ ಜೈವಿಕ ಆರ್ಥಿಕತೆ ಎಂದು ಕರೆಯುತ್ತಾರೆ. ಹೆಸರು ಹೊಸದಾದರೂ ಸೊಪ್ಪಿನಬೆಟ್ಟ ಅದರ ಹಳೆಯ ರೂಪವೇ. ಆದರೆ ಅದರಲ್ಲೊಂದು ದೊಡ್ಡ ಕೊರತೆಯಿತ್ತು. ಅನುಭೋಗ ತೋಟದ ಹಿಡುವಳಿಗೆ ಅಂಟಿಕೊಂಡಿದ್ದರಿಂದ, ಕತ್ತಿ ಹಿಡಿದು ಸೊಪ್ಪು ಸವರಿ ಹೊರೆ ಹೊತ್ತ ಹಸಲರಂಥ ಭೂಮಿಯಿಲ್ಲದ ಸಮುದಾಯಗಳ ಹೆಸರು ದಾಖಲೆಗೆ ಏರಲಿಲ್ಲ. ಯಾವ ಮರ ಎಷ್ಟು ಸವರಿದರೆ ಮತ್ತೆ ಚಿಗುರುತ್ತದೆಂಬ ತಿಳಿವು ಅವರ ಕೈಯಲ್ಲಿದ್ದರೂ ಆ ತಿಳಿವಿಗೆ ಹಕ್ಕಿನ ಬೆಲೆ ಸಿಗಲಿಲ್ಲ.

ಮೈಸೂರು ಸಂಸ್ಥಾನದ ಆಡಳಿತಕ್ಕೆ ಕಾಡು ಮುಖ್ಯವಾಗಿ ನಾಟಾ ಮತ್ತು ಗಂಧವಾಗಿ ಕಂಡಿತು. 1864ರಲ್ಲಿ ಅರಣ್ಯ ಇಲಾಖೆ ರೂಪುಗೊಂಡಿತು, 1900ರಲ್ಲಿ ಅರಣ್ಯ ಕಾಯಿದೆ ಬಂದಿತು.  ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಿರುರೈಲು ಓಡಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಬೇಕಾದ ಇದ್ದಿಲು ಸುತ್ತಲ ಮಲೆನಾಡಿನ ಮರಗಳಿಂದಲೇ ಬರಬೇಕಾಯಿತು. ಸರಿಸುಮಾರು ಅದೇ ದಶಕದಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕುಮಟಾ ಕಡೆಯ ಹಳಕಾರ, ಕಲ್ಲಬ್ಬೆ, ಮೂರೂರುಗಳಲ್ಲಿ ಊರ ಕಾಡನ್ನು ಊರವರೇ ನೋಡಿಕೊಳ್ಳುವ ಅರಣ್ಯ ಪಂಚಾಯಿತಿಗಳು ಹುಟ್ಟಿದ್ದನ್ನು ನೆನೆದರೆ, ಬೇರೆ ದಾರಿಯೂ ಇತ್ತೆಂಬುದು ಸ್ಪಷ್ಟವಾಗುತ್ತದೆ.

ಯೋಜನೆಯ ಮೇಜಿಗೂ ಕಾಡಿನ ನೆಲಕ್ಕೂ ನಡುವಿನ ಅಂತರ ಎಷ್ಟು ನಷ್ಟ ತರುತ್ತದೆಂಬುದಕ್ಕೆ ಕಾಡಿನ ಹಣ್ಣಾದ ಉಪ್ಪಾಗೆಗಿಂತ ಒಳ್ಳೆಯ ಸಾಕ್ಷಿ ಬೇಡ. ಉಪ್ಪಾಗೆ ಹಣ್ಣಾಗುವುದು ಬಿಸಿಲೇ ಕಾಣದ ಮಳೆಗಾಲದಲ್ಲಿ. ಹಣ್ಣನ್ನು ಸೀಳಿ, ಬೀಜ ತೆಗೆದು, ಸಿಪ್ಪೆಯನ್ನು ಅಟ್ಟದ ಮೇಲೆ ಹರಡಿ, ಕೆಳಗೆ ಹಗಲಿರುಳು ಬೆಂಕಿ ಉರಿಸಿದರೆ ಮಾತ್ರ ಅದು ಕಪ್ಪಗೆ ಸುರುಟಿ ಮಾರಾಟಕ್ಕೆ ಬರುತ್ತದೆ. ಬೀಜದಿಂದ ಬರುವ ಉಪ್ಪಾಗೆ ತುಪ್ಪ ಮನೆಯ ಅಡುಗೆಗಾಗುತ್ತದೆ. ತೂಕ ಇಳಿಸುವ ಔಷಧಿಗಾಗಿ 1990ರ ದಶಕದಲ್ಲಿ ಹೊರದೇಶಗಳಿಂದ ಬೇಡಿಕೆ ಏರಿದಾಗ, ಸಂಗ್ರಹದ ಹಕ್ಕನ್ನು ಟೆಂಡರಿನಲ್ಲಿ ಗುತ್ತಿಗೆದಾರರಿಗೆ ಕೊಡುವ ಪದ್ಧತಿಯ ದೋಷ ಬಯಲಾಯಿತು. ಮರ ಯಾರದೂ ಅಲ್ಲದಾಗ ಹಣ್ಣು ಉದುರುವವರೆಗೆ ಕಾದವನಿಗೆ ಏನೂ ಉಳಿಯದು. ಆದ್ದರಿಂದ ಕಾಯಿದ್ದಾಗಲೇ ಕೊಯ್ಯುವುದು, ಕೊಂಬೆಯನ್ನೇ ಕಡಿದು ಉರುಳಿಸುವುದು ನಡೆಯಿತು. ಒಣಗಿಸುವ ಬೆಂಕಿಗೂ ಕಾಡಿನ ಸೌದೆಯೇ ಹೋಯಿತು. ಇದನ್ನು ಸಂಗ್ರಹಕಾರರ ದುರಾಸೆಯೆಂದು ತಳ್ಳಿಹಾಕುವುದು ಅನ್ಯಾಯ. ಕಾಯುವವನಿಗೆ ನಷ್ಟ, ಕಡಿಯುವವನಿಗೆ ಲಾಭ ಎಂಬ ನಿಯಮವನ್ನು ಅವರು ಬರೆದಿರಲಿಲ್ಲ.

1988ರ ರಾಷ್ಟ್ರೀಯ ಅರಣ್ಯ ನೀತಿಯ ಬೆನ್ನಿಗೆ ಕರ್ನಾಟಕ ಸರ್ಕಾರ 1993ರ ಏಪ್ರಿಲ್‌ನಲ್ಲಿ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿತು. ಊರಿನವರು ಗ್ರಾಮ ಅರಣ್ಯ ಸಮಿತಿ ಕಟ್ಟಿಕೊಂಡು, ಇಲಾಖೆಯೊಡನೆ ಕೂತು ಯೋಜನೆ ರೂಪಿಸಿ, ಹುಟ್ಟುವಳಿಯಲ್ಲಿ ಪಾಲು ಪಡೆಯುವುದು ಇದರ ಆಶಯ. ಸಹಭಾಗಿತ್ವ ಎಂಬ ಮಾತು ಸರ್ಕಾರಿ ಕಡತಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಆದರೂ ಆರಂಭದಲ್ಲಿ ಅದರ ವ್ಯಾಪ್ತಿ ಶೇ 25ಕ್ಕಿಂತ ಕಡಿಮೆ ಹಸಿರು ಹೊದಿಕೆಯ ಹಾಳುಬಿದ್ದ ಕಾಡಿಗಷ್ಟೇ ಸೀಮಿತವಾಗಿತ್ತು. ಉಪ್ಪಾಗೆ, ರಾಮಪತ್ರೆ, ಸೀಗೆ, ಹೆಜ್ಜೇನು ಸಿಗುವ ದಟ್ಟ ಕಾಡು ಚರ್ಚೆಯ ಹೊರಗೇ ಉಳಿಯಿತು. ಬೋಳುಗುಡ್ಡದಲ್ಲಿ ಅಕೇಶಿಯಾ ನೆಡುವುದೇ ಮಲೆನಾಡಿನ ಹಲವೆಡೆ ಸಮಿತಿಯ ಕೆಲಸವೆನಿಸಿತು. ಸದಸ್ಯ ಕಾರ್ಯದರ್ಶಿಯ ಸ್ಥಾನದಲ್ಲಿ ಇಲಾಖೆಯ ಫಾರೆಸ್ಟರ್ ಇದ್ದುದರಿಂದ, ಊರಿನ ಮಾತು ಕೊನೆಗೂ ಇಲಾಖೆಯ ಲೇಖನಿಯ ಮೂಲಕವೇ ಹಾದುಹೋಗಬೇಕಾಯಿತು. ಯೋಜನೆ ರೂಪಿಸುವ ಮುನ್ನ ಕೇಳಬೇಕಾದ ಪ್ರಶ್ನೆ ಪಾಲು ಎಷ್ಟು ಎಂಬುದಲ್ಲ, ಯಾವ ಕಾಡು, ಯಾವ ಕಾಲ, ಯಾವ ಮರ ಎಂಬುದು. ಅದಕ್ಕೆ ಉತ್ತರ ಬಲ್ಲವರು ಮಳೆಯಲ್ಲಿ ಕಾಡಿಗೆ ಇಳಿಯುವ ಹೆಂಗಸರು, ಜೇನು ಇಳಿಸುವ ಗಂಡಸರು.

2006ರ ಅರಣ್ಯ ಹಕ್ಕು ಕಾಯಿದೆ ಈ ದಿಕ್ಕಿನಲ್ಲಿ ಬೇರೆಯೇ ನೆಲೆಯಿಂದ ಹೊರಟಿತು. ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಅದು ಪಾಲೆಂದು ಕೊಡದೆ ಹಕ್ಕೆಂದು ಒಪ್ಪಿಕೊಂಡಿತು. ಹಕ್ಕಿನ ಪರಿಶೀಲನೆಯನ್ನು ಗ್ರಾಮಸಭೆಯಿಂದ ಆರಂಭಿಸಿತು. ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ನೆಲೆ ತೋರಿಸಬೇಕೆಂಬ ಷರತ್ತು ಬಡವರಿಗೆ ಈಗಲೂ ಭಾರವೇ. ತೋಟದ ಒಡೆಯನ ಮನೆಯಲ್ಲಿ ಹಳೆಯ ಕಂದಾಯ ರಸೀದಿಯ ಕಟ್ಟು ಸಿಗುತ್ತದೆ, ಅವನ ಸೊಪ್ಪು ಹೊತ್ತವನ ಗುಡಿಸಲಲ್ಲಿ ಅಂಥ ಕಾಗದ ಸಿಗುವುದಿಲ್ಲ. ಆದರೆ 2008ರಲ್ಲಿ ಜಾರಿಗೆ ಬಂದ ನಿಯಮಗಳು, ಅರ್ಜಿದಾರರಲ್ಲದ ಊರಿನ ಹಿರಿಯರು ಹೇಳಿ ಬರೆಸಿದ ಮಾತನ್ನೂ ಪುರಾವೆಗಳ ಸಾಲಿಗೆ ಸೇರಿಸಿವೆ. ಯಾವ ಬೆಟ್ಟದಲ್ಲಿ ಯಾರು ಸೊಪ್ಪು ಸವರಿದರು, ಯಾವ ಮರದಿಂದ ಯಾರು ಜೇನಿಳಿಸಿದರು ಎಂಬ ನೆನಪು ಅಲ್ಲಿ ದಾಖಲೆಯಾಗಬಲ್ಲದು.