ಆನೆ, ಆಣೆ ಮತ್ತು ಹತ್ತಿ

ಕಳೆದ ಡಿಸೆಂಬರ್ ರಜೆಗೆ ಪುಣೆಯಿಂದ ಮಗಳು, ಅಳಿಯ ಬಂದಿದ್ದರು. ಜೊತೆಗೆ ನಮ್ಮ ಎರಡೂವರೆ ವರ್ಷದ ಮೊಮ್ಮಗ. ಅವನಿಗೆ ಮುಂಬಯಿ ತೋರಿಸಬೇಕು ಎಂದು ನಾನು ಪಟ್ಟಿ ಮಾಡಿಟ್ಟುಕೊಂಡಿದ್ದೆ. ಗೇಟ್‌ವೇ, ವಿ.ಟಿ. ಸ್ಟೇಷನ್ (ಹೆಸರು ಬದಲಾಗಿ ಎಷ್ಟೋ ವರ್ಷವಾದರೂ ನನ್ನ ಬಾಯಿಗೆ ಬರುವುದು ವಿ.ಟಿ.ಯೇ), ಹ್ಯಾಂಗಿಂಗ್ ಗಾರ್ಡನ್... ನನ್ನಾಕೆ ಪಟ್ಟಿ ನೋಡಿ, "ಎರಡೂವರೆ ವರ್ಷದ ಮಗುವಿಗೆ ಕಟ್ಟಡ ತೋರಿಸ್ತೀರಾ? ರಾಣಿಬಾಗ್‌ಗೆ ಹೋಗುವ, ಸಾಕು" ಎಂದಳು. ಆಮೇಲೆ ಸ್ವಲ್ಪ ತಡೆದು, "ಈ ಸಲ ಮಗುವಿನ ಕೈ ನಾನು ಹಿಡಿದುಕೊಳ್ತೇನೆ. ನೀವು ನಿಮ್ಮ ಚರಿತ್ರೆ ಹೇಳಿಕೊಂಡು ಬನ್ನಿ" ಎಂದಳು.

ಆ 'ಈ ಸಲ' ಅನ್ನುವ ಮಾತಿನ ಹಿಂದೆ ಒಂದು ಕಥೆ ಇದೆ. ಮುಂದೆ ಹೇಳುತ್ತೇನೆ.

ಡೊಂಬಿವಲಿಯಿಂದ ಲೋಕಲ್ ಹಿಡಿದು ಬೈಖಲಾದಲ್ಲಿ ಇಳಿದೆವು. ಠಾಣೆ ದಾಟಿದ ಮೇಲೆ ನಾವು ಹೋಗುವ ದಾರಿ ಸಾಮಾನ್ಯದ್ದಲ್ಲ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಠಾಣೆಗೆ ಓಡಿದ್ದು ಇದೇ ಮಾರ್ಗದಲ್ಲಿ. 34 ಕಿಲೋಮೀಟರು, 14 ಡಬ್ಬಿ, ಸುಮಾರು 400 ಮಂದಿ, ಎಳೆಯಲು ಮೂರು ಇಂಜಿನ್ನುಗಳು. ಅಳಿಯನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಮೊಮ್ಮಗನಿಗೆ ಕಿಟಕಿಯ ಸರಳು ನೆಕ್ಕುವುದರಲ್ಲೇ ಹೆಚ್ಚು ಆಸಕ್ತಿ!

ರಾಣಿಬಾಗ್ ಎಂದರೆ ಹಿಂದಿನ ವಿಕ್ಟೋರಿಯಾ ಗಾರ್ಡನ್ಸ್, ಈಗಿನ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. ಸಾರ್ವಜನಿಕರಿಗೆ ತೆರೆದದ್ದು 1862ರಲ್ಲಿ. ಇದರ ಬಾಗಿಲಲ್ಲೇ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಇದೆ. 1872ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಂಬ ಹೆಸರಿನಲ್ಲಿ ತೆರೆದ, ಈ ನಗರದ ಅತಿ ಹಳೆಯ ವಸ್ತುಸಂಗ್ರಹಾಲಯ ಇದು. ಕಟ್ಟಿಸಲು ಓಡಾಡಿದವರಲ್ಲಿ ಒಬ್ಬರಾದ ಭಾವು ದಾಜಿಯವರ ಹೆಸರನ್ನು 1975ರಲ್ಲಿ ಇಟ್ಟರು. ವೃತ್ತಿಯಲ್ಲಿ ವೈದ್ಯರು, ಜೊತೆಗೆ ಸಂಸ್ಕೃತ ಮತ್ತು ಶಾಸನಗಳ ಪಂಡಿತರು.

ಒಳಗೆ ಪೆಂಗ್ವಿನ್ ನೋಡಲು ಉದ್ದ ಸಾಲು. 2016ರಲ್ಲಿ ದಕ್ಷಿಣ ಕೊರಿಯಾದಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳನ್ನು ತರಿಸಿದಾಗಿನಿಂದ ಮಕ್ಕಳಿಗೆ ಅದೇ ಹುಚ್ಚು. ನಮ್ಮವನೂ ಗಾಜಿಗೆ ಮೂಗು ಒತ್ತಿ ನೋಡಿದ. ಆದರೆ ಹೊರಗೆ ಬಂದು ಮ್ಯೂಸಿಯಂ ಪಕ್ಕ ನಿಂತಿರುವ ದೊಡ್ಡ ಕಲ್ಲಾನೆಯನ್ನು ಕಂಡದ್ದೇ ಅಜ್ಜಿಯ ಕೈ ಕೊಸರಿಕೊಂಡು, "ಹತ್ತೀ! ಹತ್ತೀ!" ಎಂದು ಕುಣಿಯತೊಡಗಿದ.

ಮರಾಠಿಯಲ್ಲಿ ಹತ್ತೀ ಅಂದರೆ ಆನೆ. ಅಳಿಯ ಮರಾಠಿಯವರು, ಮಗು ಕಲಿತದ್ದು ಆ ಮಾತು. ನನ್ನಾಕೆ ಬಿಡುತ್ತಾಳೆಯೇ? "ಹತ್ತಿ ಅಲ್ಲ ಪುಟ್ಟಾ, ಹತ್ತಿ ದೀಪಕ್ಕೆ ಬತ್ತಿ ಮಾಡುವುದು. ಇದು ಆನೆ" ಎಂದಳು. ಎಲ್ಲರೂ ನಕ್ಕರು. ನಾನು ಮಾತ್ರ ಆ ಎರಡು 'ಹತ್ತಿ'ಗಳ ಬಗ್ಗೆ ಯೋಚಿಸುತ್ತಾ ನಿಂತೆ. ಯಾಕೆಂದರೆ ಈ ಕಲ್ಲಾನೆ ಇಲ್ಲಿಗೆ ಬಂದದ್ದೇ ಹತ್ತಿಯ ಕಾಲದಲ್ಲಿ.

ಇದರ ಮೂಲ ಊರು ಸಮುದ್ರದೊಳಗಿನ ಘಾರಾಪುರಿ. ಪೋರ್ಚುಗೀಸರು ಆ ದ್ವೀಪಕ್ಕೆ ಬಂದಾಗ ದಡದ ಬಳಿ ಈ ಭಾರೀ ಆನೆ ನಿಂತಿತ್ತು. ಅದನ್ನು ನೋಡಿಯೇ ದ್ವೀಪಕ್ಕೆ 'ಎಲಿಫಾಂಟಾ' ಎಂದು ಹೆಸರಿಟ್ಟರು. ಅಂದರೆ ಇಂದು ಜನ ಲಾಂಚ್ ಹತ್ತಿ ಎಲಿಫೆಂಟಾಕ್ಕೆ ಹೋಗುತ್ತಾರಲ್ಲ, ಆ ಹೆಸರಿನ ಆನೆ ಅಲ್ಲಿಲ್ಲ, ಇಲ್ಲಿದೆ!

ಘಾರಾಪುರಿಗೂ ನಮ್ಮ ಕನ್ನಡ ನಾಡಿಗೂ ಒಂದು ನಂಟು ಇರಬಹುದು. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿ ಪಡುಗಡಲಿನ 'ಪುರಿ' ಎಂಬ ನಗರವನ್ನು ಮುತ್ತಿದ್ದನ್ನು ಹೇಳುತ್ತಾನೆ. ಅಲ್ಲಿ ನೂರಾರು ಹಡಗುಗಳನ್ನು ಮದ್ದಾನೆಗಳ ಹಿಂಡಿಗೆ ಹೋಲಿಸಿದ್ದಾನೆ. ಆ ಪುರಿ ಇದೇ ಘಾರಾಪುರಿ ಎಂದು ಕೆಲವು ವಿದ್ವಾಂಸರು, ಅಲ್ಲ ಎಂದು ಇನ್ನು ಕೆಲವರು. ತೀರ್ಮಾನ ಏನೇ ಆಗಲಿ, ಆನೆಯ ಮಾತು ಬಂತಲ್ಲ ಎಂದು ನನಗೆ ಖುಷಿ.

ಕಲ್ಲಾನೆಗೆ ಮುದಿತನ ಬಂತು. 1814ರಲ್ಲಿ ತಲೆ, ಕುತ್ತಿಗೆ ಕಳಚಿ ಬಿದ್ದವು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೊರಟರು. ಎತ್ತುವಾಗ ಬಿದ್ದು ಚೂರುಚೂರಾಯಿತು. ಆ ಚೂರುಗಳನ್ನು ತಂದು ಈ ತೋಟದಲ್ಲಿ ಹಾಕಿದರು. ಐವತ್ತು ವರ್ಷ ಹಾಗೇ ಬಿದ್ದಿದ್ದವು. 1914ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಹತ್ತಿರ ಹೋಗಿ ನೋಡಿದರೆ ಬೆಸೆದ ಗುರುತುಗಳು ಈಗಲೂ ಕಾಣುತ್ತವೆ.

1864ರಲ್ಲಿ ಮುಂಬಯಿಗೆ ಅಮಲು ಏರಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ, ಅಲ್ಲಿಯ ದಕ್ಷಿಣದ ಬಂದರುಗಳು ಮುಚ್ಚಿ, ಲಂಕಾಷೈರಿನ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ಭಾರತದ ಹತ್ತಿಗೆ ಚಿನ್ನದ ಬೆಲೆ ಬಂತು. ಅದರಲ್ಲಿ ನಮ್ಮ ಧಾರವಾಡದ ಹತ್ತಿಯೂ ಇತ್ತು. ಅಮೆರಿಕದ ಬೀಜ ತಂದು ಬೆಳೆದ 'ಧಾರವಾಡ-ಅಮೆರಿಕನ್' ತಳಿಗೆ ಮಾರುಕಟ್ಟೆಯಲ್ಲಿ ಒಳ್ಳೆ ಹೆಸರಿತ್ತು. ಆ ದುಡ್ಡಿನಲ್ಲಿ ಮುಂಬಯಿಯಲ್ಲಿ ಬ್ಯಾಂಕುಗಳು ಎದ್ದವು, ಸಮುದ್ರ ತುಂಬಿಸುವ ಕಂಪನಿಗಳು ಹುಟ್ಟಿದವು, ಶೇರುಗಳ ಬೆಲೆ ಮುಗಿಲಿಗೇರಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಎಲ್ಲ ಕುಸಿದು ಬಿತ್ತು. ಆನೆಯೂ ಬಿತ್ತು, ಹತ್ತಿಯೂ ಬಿತ್ತು.

ಆದರೆ ಗಿರಣಿಗಳು ಉಳಿದವು. 1854ರಲ್ಲಿ ಕಾವಸ್‌ಜಿ ದಾವರ್ ಶುರುಮಾಡಿದ ಮೊದಲ ಬಟ್ಟೆ ಗಿರಣಿಯ ಹಿಂದೆಯೇ ಪರೇಲ್, ಲಾಲ್‌ಬಾಗ್, ಚಿಂಚ್‌ಪೋಕ್ಲಿಯ ತುಂಬ ಚಿಮಣಿಗಳು ಎದ್ದವು. ನಾನು 1974ರಲ್ಲಿ ಕುಂದಾಪುರದ ಕಡೆಯಿಂದ ಬಂದಾಗ ಆ ಭೋಂಗಾ ಕೇಳಿಯೇ ನಮ್ಮ ಚಾಳಿನವರು ಎದ್ದೇಳುತ್ತಿದ್ದರು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಬಹಳ ಗಿರಣಿಗಳು ಮತ್ತೆ ಸರಿಯಾಗಿ ನಡೆಯಲಿಲ್ಲ. ಕೆಲಸ ಕಳೆದುಕೊಂಡವರು ತರಕಾರಿ ಮಾರಿದರು, ವಾಚ್‌ಮನ್ ಆದರು, ಊರಿಗೆ ಹೋದರು.

ಈಗ 'ಈ ಸಲ'ದ ಕಥೆ.

1988ರ ಒಂದು ಭಾನುವಾರ. ಊರಿನಿಂದ ನೆಂಟರು ಬಂದಿದ್ದರು. ಎಲ್ಲರನ್ನೂ ರಾಣಿಬಾಗ್‌ಗೆ ಕರೆತಂದಿದ್ದೆ. ಮಗಳಿಗೆ ಆಗ ಮೂರು ವರ್ಷ, ಅವಳ ಕೈ ನನ್ನ ಕೈಯಲ್ಲಿತ್ತು. ಕಾಳಾ ಘೋಡಾ ಅನ್ನುವ ಜಾಗಕ್ಕೆ ಆ ಹೆಸರು ತಂದುಕೊಟ್ಟ ಏಳನೇ ಎಡ್ವರ್ಡನ ಕಪ್ಪು ಕುದುರೆಯ ಪ್ರತಿಮೆಯನ್ನು 1965ರಲ್ಲಿ ಕಿತ್ತು ಇದೇ ತೋಟಕ್ಕೆ ತಂದಿಟ್ಟಿದ್ದಾರೆ. ಅದನ್ನು ನೆಂಟರಿಗೆ ವಿವರಿಸುತ್ತಾ ಎರಡೂ ಕೈ ಎತ್ತಿ ತೋರಿಸಿದೆ. ಕೈ ಇಳಿಸಿದಾಗ ಮಗಳಿಲ್ಲ.

ಮುಕ್ಕಾಲು ಗಂಟೆ. ಪಂಜರ ಪಂಜರ ಹುಡುಕಿದೆವು. ನೀರಿನ ಕೊಳದ ಹತ್ತಿರ ಹೋಗುವಾಗ ನನ್ನ ಕಾಲು ನಡುಗುತ್ತಿತ್ತು. ಮಗಳಿಗೆ ಬರುತ್ತಿದ್ದದ್ದು ನಮ್ಮ ಕುಂದಾಪುರದ ಕನ್ನಡ ಮಾತ್ರ. ಹಿಂದಿಯಿಲ್ಲ, ಮರಾಠಿಯಿಲ್ಲ. ಅಪ್ಪನ ಹೆಸರು ಕೇಳಿದರೆ 'ಅಪ್ಪಯ್ಯ' ಎನ್ನುವ ವಯಸ್ಸು.

ಕೊನೆಗೆ ಸಿಕ್ಕಿದಳು, ಇದೇ ಕಲ್ಲಾನೆಯ ಬುಡದಲ್ಲಿ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕಡಲೆಕಾಯಿ ಮಾರುವವನೊಬ್ಬ ಕುಳಿತಿದ್ದ. ಮಗು ಅಳುತ್ತಾ "ಆನೆ, ಆನೆ" ಎನ್ನುತ್ತಿತ್ತಂತೆ. ಅವನ ಕಿವಿಗೆ ಅದು 'ಆಣೆ' ಎಂದು ಕೇಳಿಸಿದೆ! ನಾಲ್ಕಾಣೆ ಕಡಲೆ ಬೇಕೇನೋ ಎಂದು ಪೊಟ್ಟಣ ಕಟ್ಟಿ ಕೊಟ್ಟಿದ್ದಾನೆ. ಅಳು ನಿಲ್ಲಲಿಲ್ಲ. ಎತ್ತಿಕೊಂಡು ಗೇಟಿನ ಕಡೆ ಬರುವಾಗ ಕಲ್ಲಾನೆ ಕಂಡು ಮಗು ಬೆರಳು ತೋರಿಸಿ ನಕ್ಕಾಗ ಅವನಿಗೆ ಅರ್ಥವಾಯಿತು. ಹುಡುಕುವವರು ಹೇಗೂ ಗೇಟಿಗೆ ಬರುತ್ತಾರೆ ಎಂದು ವ್ಯಾಪಾರ ಬಿಟ್ಟು ಅಲ್ಲೇ ಕುಳಿತುಬಿಟ್ಟಿದ್ದ.

ನಾನು ಜೇಬಿನಲ್ಲಿದ್ದ ನೋಟು ಕೊಡಲು ಹೋದೆ. ಬೇಡವೆಂದ. ಒತ್ತಾಯ ಮಾಡಿದಾಗ, "ಚಾರ್ ಆಣೆ ದ್ಯಾ" ಎಂದು ಕಡಲೆಯ ಬೆಲೆ ಮಾತ್ರ ತೆಗೆದುಕೊಂಡ. ಮೊದಲು ಗಿರಣಿಯಲ್ಲಿದ್ದೆ, ಮುಷ್ಕರದ ನಂತರ ಈ ಬುಟ್ಟಿ ಎಂದ. ಅಷ್ಟೇ ಮಾತು. ಮುಂದಿನ ಭಾನುವಾರ ಹುಡುಕಿಕೊಂಡು ಹೋದೆ, ಸಿಗಲಿಲ್ಲ. ಮತ್ತೆಂದೂ ಸಿಗಲಿಲ್ಲ.

ಈ ಕಥೆಯನ್ನು ಕಲ್ಲಾನೆಯ ಎದುರೇ ಅಳಿಯನಿಗೆ ಹೇಳಿದೆ. ಮಗಳಿಗೆ ಅದೊಂದೂ ನೆನಪಿಲ್ಲ. ಅಳಿಯ ಕೇಳಿದರು, "ಅವರ ಹೆಸರೇನು, ಬಾಬಾ?"

ನನಗೆ ಮೊದಲ ರೈಲಿನ ಡಬ್ಬಿಗಳ ಲೆಕ್ಕ ಗೊತ್ತು. ಗೇಟ್‌ವೇ ಕಟ್ಟಿದ ಜಾರ್ಜ್ ವಿಟೆಟ್, ವಿ.ಟಿ. ಕಟ್ಟಿದ ಸ್ಟೀವನ್ಸ್, ಎಲ್ಲರ ಹೆಸರೂ ಬಾಯಿಪಾಠ. ಅವನ ಹೆಸರು ಮಾತ್ರ ಅವತ್ತು ಕೇಳಲಿಲ್ಲ. ಮಗು ಸಿಕ್ಕ ಸಂಭ್ರಮದಲ್ಲಿ ಹೊಳೆಯಲೇ ಇಲ್ಲ. ನಾಲ್ಕಾಣೆಯೂ 2011ರಲ್ಲಿ ಚಲಾವಣೆಯಿಂದ ಹೋಯಿತು.

ಬರುವಾಗ ಗೇಟಿನ ಹೊರಗೆ ಕಡಲೆಕಾಯಿ ಕೊಂಡೆ. ಮಾರುವ ಹುಡುಗನ ಹೆಸರು ಕೇಳಿದೆ. ಅವನು ಅನುಮಾನದಿಂದ ನನ್ನನ್ನೇ ನೋಡಿದ, "ಯಾಕೆ ಸಾಬ್?" ಎಂದ. ಸುಮ್ಮನೆ ಎಂದೆ.

ನೀವೂ ಮುಂಬಯಿಗೆ ಬಂದರೆ ಪೆಂಗ್ವಿನ್ ನೋಡಿ, ಕಲ್ಲಾನೆಯನ್ನೂ ನೋಡಿ. ಬುಧವಾರ ರಜೆ, ನೆನಪಿರಲಿ. ಮಗುವಿನ ಕೈ ಬಿಡಬೇಡಿ.