ಗುಂಡಿನ ಮೇಲಿನ ಜಿಡ್ಡು
ಬಳ್ಳಾರಿ ಕೋಟೆಯ ಕಾಲದ ಸೀಸದ ಗುಂಡು ಸಿಕ್ಕರೆ ಉಜ್ಜಿ ತೊಳೆದು ಜೇನುಮೇಣ ಸವರಿಡಬೇಕು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. 1775ರ ಸುಮಾರಿಗೆ ಹೈದರಾಲಿ ಬಳ್ಳಾರಿ ಗೆದ್ದಾಗಿನ ತುಪಾಕಿಗಳ ನಳಿಗೆ ಹೆಚ್ಚಾಗಿ ನುಣುಪು. ಗುಂಡು ಅದಕ್ಕಿಂತ ತುಸು ಸಣ್ಣದು, ಮದ್ದಿನ ಮಸಿ ಕಟ್ಟಿದರೂ ಬಾಯಿಂದ ಇಳಿಯುತ್ತಿತ್ತು. ಜಿಡ್ಡು ಬೇಕಾದದ್ದು ಒಳಗೆ ಸುರುಳಿಗೆರೆ ಕೊರೆದ ಬಂದೂಕಿಗೆ. ಸಿರುಗುಪ್ಪ, ಕುರುಗೋಡು ಸಹಿತ ಈ ಸೀಮೆಯನ್ನು ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟು ಅರ್ಧ ಶತಮಾನ ಕಳೆದ ಮೇಲೆ ಬಂದ ಎನ್‌ಫೀಲ್ಡ್ ಅಂಥದು. 1857ರಲ್ಲಿ ಸಿಪಾಯಿಗಳು ಕೆರಳಿದ್ದು ಅದರ ತೋಟಾಕ್ಕೆ ಸವರಿದ ಕೊಬ್ಬಿಗೆ (ಕಾರಣ ಅದೊಂದೇ ಅಲ್ಲ, ಬಿಡಿ). ಹೊಸ ಮೇಣ ಹಚ್ಚಿದರೆ ಈ ವ್ಯತ್ಯಾಸವೇ ಮುಚ್ಚಿಹೋಗುತ್ತದೆ; ತಂತಿ ಬ್ರಷ್ಷು ಆಡಿಸಿದರೆ ಅಚ್ಚಿನ ಏಣು, ಗುಂಡು ಜಡಿಯುವ ಗಜ ಬಡಿದ ಗುರುತು ಅಳಿಯುತ್ತವೆ. ಹಳೆಯ ಗುಂಡಿನ ಮೇಲೆ ಕಟ್ಟಿದ ಬಿಳಿ ಪೊರೆ ಸೀಸವನ್ನು ತಿನ್ನುವುದಿಲ್ಲವೇ? ಗಟ್ಟಿಯಾಗಿ ಅಂಟಿದ ತೆಳು ಪೊರೆ ಒಣ ಜಾಗದಲ್ಲಿ ಕವಚವೇ. ಪುಡಿ ಉದುರುತ್ತಿದ್ದರೆ ಮಾತ್ರ ತಜ್ಞರಿಗೆ ಒಪ್ಪಿಸಬೇಕು. ಆ ಪುಡಿ ವಿಷ.